ಓಟವಾಲೊ ಸಂತೆಯ ಕೊಸರು

ಶನಿವಾರದಿಂದ ಒಂದೇ ಮಾತು ಕಿವಿಯಲ್ಲಿ ಕೂತಿದೆ. "ಯಾಪ."

ದಕ್ಷಿಣ ಅಮೆರಿಕದ ಈಕ್ವೆಡಾರಿನ ಓಟವಾಲೊಗೆ ಹೋಗಿದ್ದೆವು. ರಾಜಧಾನಿ ಕೀಟೊದಿಂದ ಬಸ್ಸಿನಲ್ಲಿ ಎರಡು ಗಂಟೆ. ಕಿಚ್ವಾ ಅನ್ನುವ ಮೂಲನಿವಾಸಿ ಜನರ ಊರು. ಗಂಡಸರಿಗೂ ಬೆನ್ನ ಮೇಲೆ ಉದ್ದನೆಯ ಜಡೆ, ಹೆಂಗಸರ ಕೊರಳ ತುಂಬ ಚಿನ್ನದ ಬಣ್ಣದ ಮಣಿಸರ. ಹಿಂದೆ ಇಲ್ಲಿ ಆಳಿದ ಸ್ಪೇನಿನವರು ಇವರನ್ನು 'ಒಬ್ರಾಹೆ' ಅನ್ನುವ ಕಾರ್ಖಾನೆಗಳಲ್ಲಿ ಕೂಡಿಹಾಕಿ ನೇಯಿಸುತ್ತಿದ್ದರಂತೆ. ಅದೇ ಕಸುಬು ಹಿಡಿದು ಈಗ ದೇಶ ದೇಶ ತಿರುಗಿ ವ್ಯಾಪಾರ ಮಾಡ್ತಾರೆ.

ಸಂತೆ ಸೇರುವ ಪೊಂಚೊ ಚೌಕದಲ್ಲಿ ಒಂದು ಶಾಲು ಎತ್ತಿಕೊಂಡೆ. ಕೈಮಗ್ಗದ್ದಾ ಅಂತ ಕೇಳಿದೆ. "ಇಲ್ಲ, ಮಷೀನಿಂದು. ಕೈಮಗ್ಗದ್ದು ಅದು," ಅಂತ ಮಾರುವಾಕೆ ಮೇಲೆ ತೂಗುಹಾಕಿದ್ದನ್ನು ತೋರಿಸಿದಳು. ಸುಳ್ಳು ಹೇಳಿದ್ದರೆ ನನಗೆಲ್ಲಿ ಗೊತ್ತಾಗ್ತಿತ್ತು? ಅಷ್ಟಾದರೂ ನಾನು ಚೌಕಾಸಿ ಬಿಡಲಿಲ್ಲ. 18 ಡಾಲರ್ ಅಂದದ್ದನ್ನು 12ಕ್ಕೆ ಇಳಿಸಿದೆ. ನಮ್ಮವರು ಬೇರೆ ಪಕ್ಕದಲ್ಲಿ, "10ಕ್ಕೆ ಕೇಳು, 10ಕ್ಕೆ ಕೇಳು." ಏರ್‌ಪೋರ್ಟಿನ ಕಾಫಿಗೆ ಇವರು ತುಟಿ ಬಿಚ್ಚುವವರಲ್ಲ.

20ರ ನೋಟಿಗೆ ಚಿಲ್ಲರೆ ಬಂತು. 2000ದಿಂದ ಇಲ್ಲಿ ಅಮೆರಿಕದ ಡಾಲರೇ ದುಡ್ಡು. ಅಮೆರಿಕದಲ್ಲಿ ಕಣ್ಣಿಗೇ ಬೀಳದ ಒಂದು ಡಾಲರಿನ ನಾಣ್ಯ ಇಲ್ಲಿ ಎಲ್ಲರ ಕೈಯಲ್ಲಿ. ಅದರ ಮೇಲೆ ಬೆನ್ನಿಗೆ ಮಗು ಕಟ್ಟಿಕೊಂಡ ಮೂಲನಿವಾಸಿ ಹೆಂಗಸಿನ ಚಿತ್ರ. ತಲೆ ಎತ್ತಿದರೆ, ಕೊಟ್ಟವಳ ಬೆನ್ನಲ್ಲೂ ಒಂದು ಮಗು. ಬಾಯಿ ತೆರೆದು ನಿದ್ದೆ ಹೊಡೀತಿತ್ತು.

ಹೊರಟವಳನ್ನು ಆಕೆ ಕರೆದು ನಿಲ್ಲಿಸಿದಳು. ಬುಟ್ಟಿಯಿಂದ ನೂಲಿನ ಕೈಪಟ್ಟಿಯೊಂದನ್ನು ತೆಗೆದು ಶಾಲಿನ ಮೇಲಿಟ್ಟು, "ಯಾಪ" ಅಂದಳು. ನಾನು ಪರ್ಸಿಗೆ ಕೈ ಹಾಕಿದೆ. ಬೇಡ ಅನ್ನುವಂತೆ ಕೈಯಾಡಿಸಿ ನಕ್ಕಳು. "ಯಾಪ, ಯಾಪ!"

ಅಯ್ಯೋ, ಕೊಸರು!

ನಮ್ಮಜ್ಜಿ ಸಂತೆಯಲ್ಲಿ ಸೇರು ಅಳೆಸಿಕೊಂಡ ಮೇಲೂ ಸೆರಗೊಡ್ಡಿ ನಿಲ್ಲುತ್ತಿದ್ದಳು, ಇನ್ನೊಂದು ಹಿಡಿ ಅವರೆಕಾಯಿಗೆ. ನನಗೋ ನಾಚಿಕೆ, ಬೇರೆ ಯಾರದೋ ಮೊಮ್ಮಗಳ ಹಾಗೆ ದೂರ ನಿಲ್ಲುತ್ತಿದ್ದೆ. ಈಗ ಸೊಪ್ಪೂ ಮೊಬೈಲಿನಲ್ಲೇ ಬರುತ್ತೆ. ಡಿಸ್ಕೌಂಟ್ ಉಂಟು, ಕೂಪನ್ ಉಂಟು. ಕೊಸರು ಕೇಳೋಣ ಅಂದರೆ ಎದುರಿಗೆ ಮನುಷ್ಯರೇ ಇಲ್ಲ. ಕೊಸರು ಅನ್ನೋ ಪದವನ್ನು ಬಾಯಲ್ಲಿ ಆಡಿಯೇ ಎಷ್ಟು ವರ್ಷವಾಗಿತ್ತೋ. ಅಜ್ಜಿ ಜಗಳವಾಡಿ ಇಸ್ಕೊಳ್ತಿದ್ದದ್ದನ್ನು ಈಕೆ ಕೇಳದೆ ಕೊಟ್ಟಳು, ಅದೂ 6 ಡಾಲರ್ ಕಿತ್ತುಕೊಂಡವಳಿಗೆ.

ಬಸ್ಸಿನಲ್ಲಿ ನಮ್ಮವರು ಮತ್ತೆ, "10ಕ್ಕೂ ಕೊಡ್ತಿದ್ದಳು ನೋಡು," ಅಂದರು. ಕೈಪಟ್ಟಿಗೆ ಒಂದೇ ಕೈಯಲ್ಲಿ ಗಂಟು ಹಾಕಲು ಆಗುತ್ತಿರಲಿಲ್ಲ. ಸುಮ್ನೆ ಅವರ ಮುಂದೆ ಕೈ ಚಾಚಿದೆ.