ಸೋಮವಾರದ ಸಂಜಯ

ಹಳೇ ಟಿವಿ ಧಾರಾವಾಹಿಗಳ ಬಗ್ಗೆ ಬರೆಯುವವರೆಲ್ಲ ಆಂಟೆನಾ ತಿರುಗಿಸಿದ ಕಥೆ ಹೇಳಿಯೇ ಹೇಳುತ್ತಾರೆ. ಅದನ್ನು ನೀವು ಸಾಕಷ್ಟು ಸಲ ಓದಿದ್ದೀರಿ, ಬಿಡಿ. ನಾನು ಹೇಳಬೇಕಿರುವುದು ಬೇರೆ. ನಮ್ಮ ಕ್ಲಾಸಿನ ಅರ್ಧಕ್ಕಿಂತ ಜಾಸ್ತಿ ಮಕ್ಕಳು ರಾಮಾಯಣ, ಮಹಾಭಾರತ ನೋಡಿದ್ದು ಶಾಲೆಯಲ್ಲೇ. ಶಾಲೆಯಲ್ಲಿ ಟಿವಿ ಇತ್ತು ಅಂದುಕೊಳ್ಳಬೇಡಿ. ಇದ್ದದ್ದು ಒಬ್ಬ ಹುಡುಗ.

ರಮಾನಂದ ಸಾಗರರ ರಾಮಾಯಣ ಶುರುವಾದದ್ದು 1987ರ ಜನವರಿಯಲ್ಲಿ. ಅದು ಮುಗಿದ ಮೇಲೆ 1988ರ ಅಕ್ಟೋಬರ್ 2ರಿಂದ ಬಿ.ಆರ್. ಚೋಪ್ರಾ ಅವರ ಮಹಾಭಾರತ. ಎರಡೂ ಭಾನುವಾರ ಬೆಳಗ್ಗೆ, ಎರಡೂ ಹಿಂದಿಯಲ್ಲಿ. ಟಿವಿ ಇದ್ದ ಮನೆಗಳು ಕಡಿಮೆ. ಅಂಥ ಮನೆಯ ಬಾಗಿಲಲ್ಲಿ ಚಪ್ಪಲಿ ರಾಶಿ. ಹೇಗೋ ಕಿಟಕಿಯಲ್ಲಿ ಜಾಗ ಸಿಕ್ಕರೂ ಒಳಗೆ ಕೂತವರ ತಲೆಗಳ ನಡುವೆ ಬಿಲ್ಲಿನ ತುದಿ ಕಂಡರೆ ಹೆಚ್ಚು. ಪೂರ್ತಿ ಕಂಡಿದ್ದರೂ 'ಪಿತಾಶ್ರೀ', 'ಭ್ರಾತಾಶ್ರೀ' ಬಿಟ್ಟು ಉಳಿದದ್ದು ನಮ್ಮ ತಲೆಗೆ ಹತ್ತುತ್ತಿರಲಿಲ್ಲ.

ಆ ಹುಡುಗನ ಮನೆಯಲ್ಲಿ ಟಿವಿಯೂ ಇತ್ತು, ಹಿಂದಿ ಬಲ್ಲ ಚಿಕ್ಕಪ್ಪನೂ ಇದ್ದರು. ಸೋಮವಾರ ಪ್ರಾರ್ಥನೆಯ ಗಂಟೆ ಹೊಡೆಯುವ ಮುಂಚೆ ಅವನು ಬಂದರೆ ಸಾಕು, ಬ್ಯಾಗ್ ಕೆಳಗಿಡುವುದಕ್ಕೂ ಬಿಡದೆ ಸುತ್ತಿಕೊಳ್ಳುತ್ತಿದ್ದೆವು. ಅವನು ಮಾತ್ರ ಆತುರಪಡುತ್ತಿರಲಿಲ್ಲ. ಮೊದಲು ಕ್ಲಾಸಿನ ಮೂಲೆಯಲ್ಲಿದ್ದ ನೀರಿನ ಬಿಂದಿಗೆ ಖಾಲಿ ಇದೆಯಾ ಅಂತ ನೋಡುತ್ತಿದ್ದ. ಖಾಲಿ ಇದ್ದರೆ ಅದರ ಬಾಯಿಗೆ ಬಾಯಿಟ್ಟು "ಮೈಂ ಸಮಯ್ ಹೂಂ" ಅನ್ನುತ್ತಿದ್ದ. ಅಂದರೆ 'ನಾನು ಕಾಲ'; ಮಹಾಭಾರತದ ಕಥೆ ಹೇಳುವ ಕಾಲನಿಗೆ ಹರೀಶ್ ಭಿಮಾನಿಯವರು ಕೊಟ್ಟ ಆ ಗಂಭೀರ ದನಿ ಬಿಂದಿಗೆಯೊಳಗಿಂದ ಗುಂಯ್ ಅಂತ ಬರುತ್ತಿತ್ತು. ಮೈ ಜುಮ್ ಅನ್ನುತ್ತಿತ್ತು, ನಿಜವಾಗಿ. ರಾಮಾಯಣದ ಕಾಲದಲ್ಲಾದರೆ ಎರಡು ಪೆನ್ಸಿಲ್ ಸಾಕಾಗುತ್ತಿದ್ದವು. ಒಂದು ರಾಮನ ಬಾಣ, ಇನ್ನೊಂದು ರಾವಣನದು. ಎರಡನ್ನೂ ಗಾಳಿಯಲ್ಲಿ ಎದುರುಬದುರಾಗಿ ನಿಧಾನಕ್ಕೆ, ತೀರಾ ನಿಧಾನಕ್ಕೆ ತರುತ್ತಾ, ಬಾಯಲ್ಲಿ ಸುಂಯ್ ಅಂತ ಸದ್ದು ಮಾಡುತ್ತಾ, ಮುಂದೆ ನಿಂತವರ ಮುಖಕ್ಕೆಲ್ಲ ಎಂಜಲು ಹಾರಿಸಿ ಕೊನೆಗೆ ಡಿಕ್ಕಿ ಹೊಡೆಸುತ್ತಿದ್ದ.

ಒಂದು ದಿನ ಕನ್ನಡ ಮೇಷ್ಟ್ರು ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿಬಿಟ್ಟರು. ಬಿತ್ತು ಏಟು ಅಂದುಕೊಂಡೆವು. ಅವರು "ಏನಪ್ಪಾ ಸಂಜಯ, ಯುದ್ಧ ಎಲ್ಲಿಗೆ ಬಂತು?" ಅಂದರು ಅಷ್ಟೇ. ಅವತ್ತಿನಿಂದ ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯಿತು. ಅವನು ಸಂಜಯ ಅಂದಮೇಲೆ ನಾವೆಲ್ಲ ಧೃತರಾಷ್ಟ್ರರೇ ತಾನೇ! ಯಾರಿಗೂ ಬೇಜಾರಿರಲಿಲ್ಲ.

ಸಂಜಯನ ಹಂಗಿಲ್ಲದೆ ನಾವು ನೋಡಿದ್ದು ಮಾಲ್ಗುಡಿ ಡೇಸ್ ಒಂದೇ. ಅದೂ ಹಿಂದಿಯೇ, ಆದರೆ ಮುಖಗಳೆಲ್ಲ ನಮ್ಮವು. ಶಂಕರ್ ನಾಗ್ ಆಗುಂಬೆಯನ್ನೇ ಮಾಲ್ಗುಡಿ ಮಾಡಿಬಿಟ್ಟಿದ್ದರು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ್ ಕಾರ್ನಾಡ್. ಅಪ್ಪ ಹತ್ತಿರ ಬಂದಾಗ ಸ್ವಾಮಿಯ ಮುಖ ಹೇಗಾಗುತ್ತಿತ್ತು ಅನ್ನುವುದಕ್ಕೆ ಯಾವ ಚಿಕ್ಕಪ್ಪನೂ ಅರ್ಥ ಹೇಳಬೇಕಿರಲಿಲ್ಲ. ಎಲ್. ವೈದ್ಯನಾಥನ್ ಅವರ ಆ 'ತಾನನಾನ' ರಾಗವನ್ನು ಪರೀಕ್ಷೆ ಹಾಲ್‌ನಲ್ಲೂ ಗುನುಗಿದವರಿದ್ದಾರೆ. ಆಗಿನ ಧಾರಾವಾಹಿಗಳಲ್ಲಿ ಇವತ್ತಿಗೂ ಹಳೆಯದಾಗದ್ದು ಇದೊಂದೇ ಅಂತ ನನ್ನ ಲೆಕ್ಕ. ನಮಗಿಂತ ಚಿಕ್ಕವರು ಶಕ್ತಿಮಾನ್ ಅನ್ನುತ್ತಾರೆ. ಅನ್ನಲಿ. ನಮಗೆ ಮುಕೇಶ್ ಖನ್ನಾ ಅಂದರೆ ಭೀಷ್ಮನೇ.

ಆರ್.ಕೆ. ನಾರಾಯಣರ ಸ್ವಾಮಿಗೆ ಸೋಮವಾರ ಬೆಳಗ್ಗೆ ಅಂದರೆ ಆಗುತ್ತಿರಲಿಲ್ಲ. ನಾವು ಭಾನುವಾರ ರಾತ್ರಿಯಿಂದಲೇ ಸೋಮವಾರಕ್ಕೆ ಕಾಯುತ್ತಿದ್ದೆವು. ಭೀಮ ದುರ್ಯೋಧನರ ಗದಾಯುದ್ಧ ಬಂದ ವಾರದ ಕಥೆಯಂತೂ ಮರೆಯುವ ಹಾಗೇ ಇಲ್ಲ. ಸಂಜಯ ಹೇಳಿದ ಪ್ರಕಾರ ಕೃಷ್ಣನ ಚಕ್ರ ಸುಯ್ಯನೆ ಹೋಗಿ, ದುರ್ಯೋಧನನ ಕಿರೀಟ ಎತ್ತಿಕೊಂಡು ಬಂದು, ಭೀಮನ ತಲೆ ಮೇಲೆ ಇಟ್ಟಿತಂತೆ. ಚಪ್ಪಾಳೆಯೋ ಚಪ್ಪಾಳೆ. ಆ ಭಾನುವಾರ ಅವರ ಬೀದಿಯಲ್ಲಿ ಅರ್ಧಕ್ಕೇ ಕರೆಂಟ್ ಹೋಗಿತ್ತು ಅಂತ ಆಮೇಲೆ ಯಾರೋ ಹೇಳಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಲಾಕ್‌ಡೌನ್ ಹೊತ್ತಿನಲ್ಲಿ, 2020ರ ಮಾರ್ಚ್ 28ರಿಂದ, ದೂರದರ್ಶನ ಎರಡನ್ನೂ ಮತ್ತೆ ಹಾಕಿತು. ಆಸೆಯಿಂದ ಕೂತೆ. ನಿಜ ಹೇಳಲಾ? ಸಿಕ್ಕಾಪಟ್ಟೆ ನಿಧಾನ. ಒಂದು ಕೆಟ್ಟ ಸುದ್ದಿ ಬಂದರೆ ಸಭೆಯಲ್ಲಿದ್ದ ಒಬ್ಬೊಬ್ಬರ ಮುಖಕ್ಕೂ ಕ್ಯಾಮೆರಾ ಹೋಗಿ ಬರಬೇಕು. ಜೂಜಿನ ಕಂತುಗಳು ಮಾತ್ರ ಈಗಲೂ ಕುರ್ಚಿ ಬಿಟ್ಟು ಏಳಿಸಲಿಲ್ಲ, ಮತ್ತೆ ರಾಹಿ ಮಾಸೂಮ್ ರಜಾ ಬರೆದ ಮಾತುಗಳು ಎಷ್ಟು ಚೆಂದ ಅಂತ ಹಿಂದಿ ಕಲಿತ ಮೇಲೆ ಈಗ ಗೊತ್ತಾಯಿತು. ಆದರೂ ಏನೋ ಕಡಿಮೆ ಅನ್ನಿಸುತ್ತಿತ್ತು. ದಿನಕ್ಕೆ ಎರಡು ಕಂತು ನೋಡಿ! ಮಧ್ಯಾಹ್ನ ಬಿಟ್ಟದ್ದು ಸಂಜೆಗೆ ಮುಂದುವರಿದರೆ ಕರ್ಣನ ಪರ, ಅರ್ಜುನನ ಪರ ಅಂತ ಗುಂಪು ಕಟ್ಟಿಕೊಂಡು ಜಗಳ ಆಡುವುದು ಯಾವಾಗ? ಕಥೆ ಪೂರ್ತಿ ಗೊತ್ತಿದ್ದೂ ನಾವು ಇಡೀ ವಾರ ಕಿತ್ತಾಡುತ್ತಿದ್ದೆವು.

ಕಿರೀಟದ ದೃಶ್ಯಕ್ಕಾಗಿ ಕಾದು ಕೂತೆ. ಬರಲಿಲ್ಲ. 94 ಕಂತುಗಳಲ್ಲಿ ಎಲ್ಲೂ ಇಲ್ಲ. ಸಂಜಯನಿಗೇ ಫೋನ್ ಮಾಡಿ ಕೇಳಿದೆ. ಒಂದು ಕ್ಷಣವೂ ತಡವರಿಸದೆ "ಈಗ ಕಟ್ ಮಾಡಿ ಹಾಕಿರ್ತಾರೆ ಕಣೋ" ಅಂದ. ನಮ್ಮ ಬ್ಯಾಚಿನ ಇನ್ನೂ ಕೆಲವರನ್ನು ವಿಚಾರಿಸಿದೆ. ಅವರೆಲ್ಲ ಅದನ್ನು ಕಣ್ಣಾರೆ ನೋಡಿದ್ದಾರಂತೆ.