1.6 ಲೀಟರ್ ಟರ್ಬೊ ಪ್ರಾಜೆಕ್ಟ್: ಟರ್ಬೊ ನಿಕ್ಕಿಯಾಯಿತು, ಪೈಪ್ ಕೆಲಸ ಬಾಕಿ

ನನ್ನ ದಿನಬಳಕೆಯ 1.6 ಲೀಟರ್ ಪೆಟ್ರೋಲ್ ಕಾರಿಗೆ ಟರ್ಬೊ (ಎಕ್ಸಾಸ್ಟ್ ಗ್ಯಾಸ್‌ನ ರಭಸದಿಂದ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ಒತ್ತಿ ತುಂಬುವ ಸಾಧನ) ಹಾಕಿಸ್ತಿದ್ದೀನಿ. ಕೊನೆಗೂ ಯಾವ ಟರ್ಬೊ ಅನ್ನೋದು ತೀರ್ಮಾನವಾಯಿತು. ಕೆ03 ಗಾತ್ರದ ಚಿಕ್ಕ ಟರ್ಬೊ, 0.5 ಬಾರ್ ಬೂಸ್ಟ್ (ವಾತಾವರಣಕ್ಕಿಂತ ಹೆಚ್ಚುವರಿ ಗಾಳಿಯ ಒತ್ತಡ), ಬಂಪರ್ ಹಿಂದೆ ಆ ಗಾಳಿಯನ್ನು ತಣಿಸುವ ಒಂದು ಇಂಟರ್‌ಕೂಲರ್. ಪಿಸ್ಟನ್, ಕನೆಕ್ಟಿಂಗ್ ರಾಡ್ ಎಲ್ಲ ಕಂಪನಿಯವೇ ಇರುತ್ತವೆ. ಗೆಳೆಯರಿಗೆ ಹೇಳಿದಾಗ 'ಇಷ್ಟೇನಾ?' ಅಂದರು. ಇಷ್ಟೇ. ಈ ಕಾರು ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗಿ ನನ್ನನ್ನು ಕೆಲಸಕ್ಕೆ ಮುಟ್ಟಿಸಬೇಕು, ಸಂಜೆ ಟ್ರಾಫಿಕ್‌ನಲ್ಲಿ ಬಿಸಿಯಾಗದೆ ತೆವಳಬೇಕು, ಮನೆಯವರು ಓಡಿಸಿದರೂ ಸುಮ್ಮನಿರಬೇಕು.

ಎಂಜಿನ್ ಬಗ್ಗೆ ಮೊದಲು. ನಾಲ್ಕು ಸಿಲಿಂಡರ್, 16 ವಾಲ್ವ್, 9.5:1 ಕಂಪ್ರೆಷನ್ (ಸಿಲಿಂಡರ್ ಒಳಗೆ ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತೆ ಅನ್ನೋ ಅನುಪಾತ), ಪೋರ್ಟ್ ಇಂಜೆಕ್ಷನ್. ಟರ್ಬೊ ಕನಸು ಶುರುವಾಗುವ ಮೊದಲೇ ಕಂಪ್ರೆಷನ್ ಟೆಸ್ಟ್ ಮಾಡಿಸಿದ್ದೆ. ನಾಲ್ಕೂ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಶೇ 10ರ ಒಳಗಿದೆ. ಲೀಕ್‌ಡೌನ್ (ಸಿಲಿಂಡರ್‌ನಿಂದ ಗಾಳಿ ಎಷ್ಟು ಸೋರುತ್ತೆ ಅನ್ನೋ ಪರೀಕ್ಷೆ) ಕೂಡ ಸರಿ ಇದೆ. ಪಿಸ್ಟನ್ ರಿಂಗ್ ಸವೆದ ಎಂಜಿನ್‌ಗೆ ಬೂಸ್ಟ್ ಕೊಟ್ಟರೆ ಆ ಒತ್ತಡ ಕ್ರ್ಯಾಂಕ್‌ಕೇಸ್‌ಗೆ ನುಗ್ಗಿ, ಆಯಿಲ್ ಸೀಲ್‌ಗಳು ಒಂದೊಂದಾಗಿ ಸೋರಲು ಶುರುವಾಗುತ್ತವೆ. ಆದ್ದರಿಂದ ಈ ಟೆಸ್ಟ್ ಮಾಡಿಸದೆ ಒಂದು ಬೋಲ್ಟನ್ನೂ ಕೊಳ್ಳಬಾರದು ಅನ್ನೋದು ನನ್ನ ಹಟ.

ಯಾವ ಗಾತ್ರದ ಟರ್ಬೊ ಬೇಕು ಅನ್ನೋದಕ್ಕೆ ನಿಜವಾದ ಉತ್ತರ ಸಿಕ್ಕಿದ್ದು ಡೇಟಾದಲ್ಲಿ. ಓಬಿಡಿ ಪೋರ್ಟ್‌ಗೆ (ಎಂಜಿನ್‌ನ ಮಾಹಿತಿ ಓದುವ ಸಾಕೆಟ್) ಅಡಾಪ್ಟರ್ ಸಿಕ್ಕಿಸಿ, ನಿತ್ಯದ ಓಡಾಟದಲ್ಲಿ ಆರ್‌ಪಿಎಂ, ಥ್ರಾಟಲ್, ಲೋಡ್ ಮೂರನ್ನೂ ದಾಖಲಿಸಿದೆ. ಆರ್‌ಪಿಎಂ ಮುಳ್ಳು ಹೆಚ್ಚು ಹೊತ್ತು ನಿಲ್ಲೋದು 1800ರಿಂದ 3200ರ ನಡುವೆ. ಓವರ್‌ಟೇಕ್ ಮಾಡುವಾಗ 4500ರ ತನಕ ಹೋಗುತ್ತೆ. 5500 ದಾಟಿದ್ದು ಹುಡುಕಿದರೆ ಅಲ್ಲೊಂದು ಇಲ್ಲೊಂದು, ಅದೂ ಬೇಕಂತಲೇ ಒತ್ತಿದಾಗ. ನಾನು ಸ್ಪೋರ್ಟಿಯಾಗಿ ಓಡಿಸ್ತೀನಿ ಅಂದುಕೊಂಡಿದ್ದೆನಲ್ಲ, ಆ ಗ್ರಾಫ್ ನೋಡಿ ನಗು ಬಂತು.

ಈಗ ಎಂಜಿನ್‌ಗೆ ಎಷ್ಟು ಗಾಳಿ ಬೇಕು ಅನ್ನೋ ಲೆಕ್ಕ. ಫೋರ್ ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೆ ಒಮ್ಮೆ ತನ್ನ ಪೂರ್ತಿ ಗಾತ್ರದಷ್ಟು ಗಾಳಿ ಎಳೆಯುತ್ತದೆ. ಅಂದರೆ 1.6 ಲೀಟರ್ ಎಂಜಿನ್ ಒಂದು ಸುತ್ತಿಗೆ 0.8 ಲೀಟರ್. 6000 ಆರ್‌ಪಿಎಂನಲ್ಲಿ ನಿಮಿಷಕ್ಕೆ 4800 ಲೀಟರ್. ಸಿಲಿಂಡರ್ ತುಂಬುವ ಪ್ರಮಾಣ ಶೇ 90 ಅಂತ ಹಿಡಿದರೆ 4320 ಲೀಟರ್, ತೂಕದಲ್ಲಿ ಸುಮಾರು 5.2 ಕೆಜಿ ಗಾಳಿ. ಇದು ಬೂಸ್ಟ್ ಇಲ್ಲದ ಲೆಕ್ಕ.

0.5 ಬಾರ್ ಬೂಸ್ಟ್ ಕೊಟ್ಟಾಗ, ಏರ್ ಫಿಲ್ಟರ್‌ನ ಅಲ್ಪ ನಷ್ಟವನ್ನೂ ಸೇರಿಸಿದರೆ ಕಂಪ್ರೆಸರ್‌ನ (ಟರ್ಬೊದಲ್ಲಿ ಗಾಳಿ ಒತ್ತುವ ಭಾಗ) ಪ್ರೆಷರ್ ರೇಷಿಯೊ, ಅಂದರೆ ಹೊರಬರುವ ಮತ್ತು ಒಳಹೋಗುವ ಒತ್ತಡಗಳ ಅನುಪಾತ, 1.54ರ ಹತ್ತಿರ ಬರುತ್ತೆ. ಹಾಗಂತ ಗಾಳಿ ಒಂದೂವರೆ ಪಟ್ಟು ಆಗೋದಿಲ್ಲ, ಯಾಕೆಂದರೆ ಒತ್ತಿದ ಗಾಳಿ ಬಿಸಿಯಾಗುತ್ತೆ. ಹೊರಗೆ 30 ಡಿಗ್ರಿ ಇದ್ದು, ಕಂಪ್ರೆಸರ್ ದಕ್ಷತೆ ಶೇ 70 ಇದ್ದರೆ ಹೊರಬರುವ ಗಾಳಿ 87 ಡಿಗ್ರಿ ಆಸುಪಾಸು. ಶೇ 70 ಪರಿಣಾಮಕಾರಿಯಾದ ಇಂಟರ್‌ಕೂಲರ್ ಅದನ್ನು 47ಕ್ಕೆ ಇಳಿಸುತ್ತೆ. ಅಲ್ಲಿಗೆ ಸಾಂದ್ರತೆ ಸುಮಾರು 1.42 ಪಟ್ಟು. 6000ದಲ್ಲಿ ನಿಮಿಷಕ್ಕೆ 7.4 ಕೆಜಿ, ಅಂದರೆ 16 ಪೌಂಡ್. ನಿಮಿಷಕ್ಕೆ ಒಂದು ಪೌಂಡ್ ಗಾಳಿಗೆ ಹತ್ತಿರಹತ್ತಿರ 10 ಎಚ್‌ಪಿ ಅನ್ನೋ ರೂಢಿಯ ಲೆಕ್ಕದಲ್ಲಿ 160 ಎಚ್‌ಪಿ ಆಯಿತು. 2500 ಆರ್‌ಪಿಎಂನಲ್ಲಿ ಅದೇ ಬೂಸ್ಟ್‌ಗೆ ಬರೀ 3 ಕೆಜಿ.

ಕಂಪ್ರೆಸರ್ ಮ್ಯಾಪ್ (ಗಾಳಿಯ ಪ್ರಮಾಣ, ಒತ್ತಡಕ್ಕೆ ತಕ್ಕಂತೆ ಟರ್ಬೊದ ದಕ್ಷತೆ ತೋರಿಸುವ ನಕ್ಷೆ) ತೆಗೆದು ಗುರುತು ಹಾಕಬೇಕಾದ್ದು ಈ ಎರಡು ಬಿಂದುಗಳನ್ನು: 3 ಕೆಜಿಯದೊಂದು, 7.4 ಕೆಜಿಯದೊಂದು. ಬಹಳ ಜನ ಎರಡನೆಯದನ್ನು ಮಾತ್ರ ಹಾಕಿ ಸುಮ್ಮನಾಗುತ್ತಾರೆ. ನನಗೆ ಮುಖ್ಯವಾದದ್ದು ಮೊದಲನೆಯದು, ದಿನಾ ಕೂತಿರೋದು ಅಲ್ಲೇ. ಅದು ಸರ್ಜ್ ಗೆರೆಯ ಬಲಕ್ಕೆ ಇರಬೇಕು. ಎಡಕ್ಕೆ ಬಿದ್ದರೆ ಕಂಪ್ರೆಸರ್ ಒತ್ತಿದ ಗಾಳಿ ಮುಂದಕ್ಕೆ ಹೋಗಲಾಗದೆ ವಾಪಸ್ ತಿರುಗುತ್ತೆ, ವೀಲ್ ನಡುಗುತ್ತೆ, ಥ್ರಸ್ಟ್ ಬೇರಿಂಗ್ ಬೇಗ ಹಾಳಾಗುತ್ತೆ.

ಮೂರು ಗಾತ್ರಗಳನ್ನು ಮೇಜಿನ ಮೇಲಿಟ್ಟಿದ್ದೆ. ದೊಡ್ಡದಾದ ಜಿಟಿ28 ಹಾಕು ಅಂತ ಒಬ್ಬ ಗೆಳೆಯನ ಒತ್ತಾಯ. ನಿಸ್ಸಾನ್ ಸಿಲ್ವಿಯಾದ 2 ಲೀಟರ್ ಎಂಜಿನ್‌ನಲ್ಲಿ ಟಿ28 ಬಂದ ಮೇಲೆ ಆ ಕುಟುಂಬಕ್ಕೆ ಹೆಸರು ಜೋರಾಗಿದೆ. ಆದರೆ ನನ್ನ 1.6ರ ಎಕ್ಸಾಸ್ಟ್ ಅದನ್ನು ತಿರುಗಿಸೋಷ್ಟರಲ್ಲಿ 3500 ದಾಟಿರುತ್ತೆ, ಗ್ರಾಫ್ ಪ್ರಕಾರ ಅಷ್ಟು ಹೊತ್ತಿಗೆ ನಾನು ಗೇರ್ ಬದಲಿಸಿಯಾಗಿರುತ್ತೆ. ಬೂಸ್ಟ್ ಬರದ ಟರ್ಬೊ ಅಂದರೆ ಸೈಲೆನ್ಸರ್ ಪೈಪಿನಲ್ಲಿ ಕೂತ ಅಡ್ಡಿ, ಅಷ್ಟೇ. ಎರಡನೆಯದು ಮಿತ್ಸುಬಿಷಿ ಟಿಡಿ04. ಸುಬಾರು ಇಂಪ್ರೆಜಾ ಡಬ್ಲ್ಯುಆರ್‌ಎಕ್ಸ್‌ನಲ್ಲಿ 200 ಎಚ್‌ಪಿ ಮೀರಿ ಕೊಟ್ಟದ್ದು. ಒಳ್ಳೆಯ ಟರ್ಬೊ, ಮನಸ್ಸು ತುಂಬಾ ದಿನ ಅಲ್ಲೇ ಇತ್ತು. ಮೂರನೆಯದು ಕೆ03. ಫೋಕ್ಸ್‌ವ್ಯಾಗನ್ ಮತ್ತು ಔಡಿಯ 1.8 ಲೀಟರ್ 20 ವಾಲ್ವ್ ಎಂಜಿನ್‌ನಲ್ಲಿ 150 ಎಚ್‌ಪಿಗೆ ಕಂಪನಿಯೇ ಹಾಕಿ, ಲಕ್ಷಗಟ್ಟಲೆ ಕಿಲೋಮೀಟರ್ ಓಡಿರುವ ಗಾತ್ರ. ನನ್ನ ಎರಡೂ ಬಿಂದುಗಳು ಇದರಲ್ಲಿ ನೆಮ್ಮದಿಯಾಗಿ ಕೂತವು. ಮೇಲಿನ ಬಿಂದುವಿನಲ್ಲಿ ದಕ್ಷತೆ ಸ್ವಲ್ಪ ಕುಸಿಯುತ್ತೆ, ನಿಜ. ವರ್ಷಕ್ಕೆ ನಾಲ್ಕು ಸಲ ಮುಟ್ಟುವ ಜಾಗಕ್ಕೆ ಯಾಕೆ ತಲೆ ಕೆಡಿಸಿಕೊಳ್ಳಲಿ?

ಎ/ಆರ್ ಬಗ್ಗೆ ಎರಡು ಮಾತು. ಟರ್ಬೈನ್ ಹೌಸಿಂಗ್‌ನ (ಎಕ್ಸಾಸ್ಟ್ ಗ್ಯಾಸ್ ಹಾಯುವ ಹೊರಕವಚ) ದಾರಿಯ ಅಡ್ಡವಿಸ್ತೀರ್ಣವನ್ನು, ಶಾಫ್ಟ್‌ನ ಮಧ್ಯದಿಂದ ಆ ದಾರಿಯ ನಡುವಿಗಿರುವ ದೂರದಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ನೀರಿನ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದ ಹಾಗೆ, ಎ/ಆರ್ ಚಿಕ್ಕದಾದಷ್ಟೂ ಗ್ಯಾಸ್ ರಭಸವಾಗಿ ಬಡಿದು ವೀಲ್ ಬೇಗ ತಿರುಗುತ್ತೆ. ಮೇಲಿನ ಆರ್‌ಪಿಎಂನಲ್ಲಿ ಅದೇ ಹೆಬ್ಬೆರಳು ಎಂಜಿನ್‌ನ ಉಸಿರು ಕಟ್ಟಿಸುತ್ತೆ.

ಚಿಕ್ಕ ಟರ್ಬೊ ಅಂದರೆ ಪೂರಾ ಸುರಕ್ಷಿತ ಅಂತಲೂ ಅಲ್ಲ. ರಾಡ್ ಬಾಗೋದು ಎಚ್‌ಪಿಯಿಂದಲ್ಲ, ಟಾರ್ಕ್‌ನಿಂದ. ಕೆಳಗಿನ ಆರ್‌ಪಿಎಂನಲ್ಲಿ ದಿಢೀರನೆ ಪೂರ್ತಿ ಬೂಸ್ಟ್ ಬಂದರೆ ಸಿಲಿಂಡರ್ ಒತ್ತಡ ಎಲ್ಲಕ್ಕಿಂತ ಹೆಚ್ಚಾಗೋದು ಅಲ್ಲೇ. ಈಗ ಸುಮಾರು 145 ನ್ಯೂಟನ್ ಮೀಟರ್ ಇರುವ ಟಾರ್ಕ್ 200ರ ಸುತ್ತ ಹೋಗುತ್ತೆ, ಹಳೆಯ ಕ್ಲಚ್ ಜಾರುವ ಸಾಧ್ಯತೆಯೂ ಇದೆ. ಅದಕ್ಕೇ ವೇಸ್ಟ್‌ಗೇಟ್ (ಹೆಚ್ಚಾದ ಎಕ್ಸಾಸ್ಟ್ ಗ್ಯಾಸನ್ನು ಪಕ್ಕಕ್ಕೆ ಬಿಟ್ಟು ಬೂಸ್ಟ್ ಮಿತಿಯಲ್ಲಿಡುವ ಬಾಗಿಲು) ಸ್ಪ್ರಿಂಗ್ 0.3 ಬಾರ್‌ನದು ಹಾಕಿಸ್ತೀನಿ. 3000ದ ತನಕ ಅಷ್ಟೇ, ಅಲ್ಲಿಂದ ಸೊಲೆನಾಯ್ಡ್ (ವಿದ್ಯುತ್ತಿನಿಂದ ತೆರೆದು ಮುಚ್ಚುವ ವಾಲ್ವ್) ಮೂಲಕ ನಿಧಾನಕ್ಕೆ 0.5ಕ್ಕೆ ಏರಿಕೆ. ಸೊಲೆನಾಯ್ಡ್ ವೈರ್ ಕಿತ್ತುಹೋದರೂ ಬೂಸ್ಟ್ 0.3ಕ್ಕೇ ನಿಲ್ಲುತ್ತೆ. ಸ್ಪ್ರಿಂಗ್ ಹೇಳಿದ್ದಕ್ಕಿಂತ ಕಡಿಮೆ ಬೂಸ್ಟ್ ಮಾಡಲಾಗೋದಿಲ್ಲ ಅನ್ನೋದು ನೆನಪಿರಲಿ, ಹಾಗಾಗಿ ಮೆದು ಸ್ಪ್ರಿಂಗ್‌ನಿಂದ ಶುರು ಮಾಡೋದೇ ಒಳ್ಳೆಯದು.

9.5:1 ಕಂಪ್ರೆಷನ್‌ಗೆ ಟರ್ಬೊ ಹಾಕಿದರೆ ನಾಕಿಂಗ್ (ಇಂಧನ ತಾನಾಗಿಯೇ ಅವೇಳೆಯಲ್ಲಿ ಹೊತ್ತಿಕೊಳ್ಳೋದು) ಬರಲ್ವಾ ಅಂತ ಎಲ್ಲರ ಪ್ರಶ್ನೆ. ಇದಕ್ಕೊಂದು ಹಳೆಯ ಪಾಠವಿದೆ. 1962ರ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್‌ನಲ್ಲಿ 10.25:1 ಕಂಪ್ರೆಷನ್ ಇಟ್ಟುಕೊಂಡೇ ಟರ್ಬೊ ಕೂರಿಸಿದ್ದರು. ನಾಕಿಂಗ್ ತಡೆಯಲು ನೀರು, ಮೆಥನಾಲ್ ಬೆರೆಸಿದ ದ್ರವವನ್ನು ಎಂಜಿನ್‌ಗೆ ಸಿಂಪಡಿಸುವ ಏರ್ಪಾಡಿತ್ತು. ಮಾಲೀಕರು ಆ ಡಬ್ಬಿ ತುಂಬಿಸೋದನ್ನು ಮರೆಯುತ್ತಿದ್ದರು. ಕೊನೆಗೆ ಕಂಪನಿಯೇ ಹಲವು ಕಾರುಗಳಿಂದ ಟರ್ಬೊ ಬಿಚ್ಚಿ ಮಾಮೂಲಿ ಕಾರ್ಬ್ಯುರೇಟರ್ ಹಾಕಿಕೊಟ್ಟಿತು. ದಿನಬಳಕೆಯ ಕಾರಿಗೆ ಇನ್ನೊಂದು ದ್ರವದ ಹಂಗು ಬೇಡ ಅಂತ ನಾನು ವಾಟರ್ ಮೆಥನಾಲ್ ಕಿಟ್ ಕೈಬಿಟ್ಟದ್ದು ಇದನ್ನು ನೋಡಿಯೇ. 1978ರಲ್ಲಿ ಮಾರಾಟಕ್ಕೆ ಬಂದ ಸಾಬ್ 99 ಟರ್ಬೊ ಇನ್ನೊಂದು ದಾರಿ ಹಿಡಿಯಿತು: ಚಿಕ್ಕ ಟರ್ಬೊ, ವೇಸ್ಟ್‌ಗೇಟ್, 2 ಲೀಟರ್‌ನಿಂದ 145 ಎಚ್‌ಪಿ, ನಡುವಿನ ಆರ್‌ಪಿಎಂನಲ್ಲೇ ಎಳೆತ. ನನ್ನದು ಆ ಸಂಪ್ರದಾಯದ ಮನೆ. ಕಡಿಮೆ ಬೂಸ್ಟ್, ತಣ್ಣನೆಯ ಗಾಳಿ, ಬೂಸ್ಟ್‌ನಲ್ಲಿ ತುಸು ತಡವಾಗಿ ಕಿಡಿ ಕೊಡುವ ಇಗ್ನಿಷನ್, ಪೂರ್ತಿ ಲೋಡ್‌ನಲ್ಲಿ 11.5ರಿಂದ 12ರ ಏರ್‌ಫ್ಯೂಯಲ್ ರೇಷಿಯೊ (ಒಂದು ಪಾಲು ಪೆಟ್ರೋಲ್‌ಗೆ ಎಷ್ಟು ಪಾಲು ಗಾಳಿ), ಹೆಚ್ಚಿನ ಆಕ್ಟೇನ್‌ನ ಪೆಟ್ರೋಲ್. ಇಷ್ಟರಲ್ಲಿ ಸಾಗಬೇಕು.

ಇಂಜೆಕ್ಟರ್ ಲೆಕ್ಕವೂ ಮುಗಿದಿದೆ. 160 ಎಚ್‌ಪಿಗೆ, ಡ್ಯೂಟಿ ಸೈಕಲ್ (ಇಂಜೆಕ್ಟರ್ ತೆರೆದಿರುವ ಹೊತ್ತು) ಶೇ 80ರ ಒಳಗೆ ಇರಬೇಕಾದರೆ ಒಂದೊಂದೂ ನಿಮಿಷಕ್ಕೆ 300 ಸಿಸಿ ಮೀರಬೇಕು. 330ರಿಂದ 360ರ ಒಳಗಿನದು ನೋಡ್ತಿದ್ದೀನಿ. ಇನ್ನೂ ದೊಡ್ಡದು ಹಾಕಿದರೆ ಐಡಲಿಂಗ್ ಕುಂಟುತ್ತೆ. ಮ್ಯಾಪ್ ಸೆನ್ಸರ್ (ಎಂಜಿನ್‌ಗೆ ಹೋಗುವ ಗಾಳಿಯ ಒತ್ತಡ ಅಳೆಯುವುದು) ಬದಲಾಗಲೇಬೇಕು. ಕಂಪನಿಯದು ವಾತಾವರಣದ ಒತ್ತಡಕ್ಕೇ ಮೇಲಿನ ಮಿತಿ ಮುಟ್ಟಿಬಿಡುತ್ತೆ, ಬೂಸ್ಟ್ ಅದಕ್ಕೆ ಕಾಣೋದೇ ಇಲ್ಲ. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹಳೆಯದನ್ನೇ ರೀಮ್ಯಾಪ್ ಮಾಡಿಸೋದಾ, ಬೇರೆಯದೇ ಹಾಕೋದಾ ಅನ್ನೋದು ಇನ್ನೂ ತೀರ್ಮಾನವಾಗಿಲ್ಲ. ಟ್ಯೂನ್ ಮಾಡುವವರಿಗೆ ಯಾವುದು ಕೈಗೆ ಒಗ್ಗಿದೆಯೋ ಅದೇ ಸರಿ ಅನ್ನೋ ಕಡೆಗೆ ವಾಲಿದ್ದೀನಿ.

ಟರ್ಬೊದ ಬೇರಿಂಗ್ ಜರ್ನಲ್ ಮಾದರಿಯದು (ಶಾಫ್ಟ್ ಆಯಿಲ್ ಪದರದ ಮೇಲೆ ತಿರುಗುವಂಥದ್ದು), ಜೊತೆಗೆ ನೀರಿನ ಕೂಲಿಂಗ್ ಇರುವ ಹೌಸಿಂಗ್. ಬಾಲ್ ಬೇರಿಂಗ್‌ನ ಚುರುಕು ಈ ಗಾತ್ರದಲ್ಲಿ ಅಷ್ಟೇನೂ ಗೊತ್ತಾಗಲ್ಲ. ನೀರು ಮಾತ್ರ ಬೇಕೇ ಬೇಕು. ಎಂಜಿನ್ ಆಫ್ ಮಾಡಿದ ಮೇಲೆ ಟರ್ಬೈನ್ ಕಡೆಯ ಶಾಖ ಬೇರಿಂಗ್‌ಗೆ ಹರಿದು, ನಿಂತ ಆಯಿಲ್ ಸುಟ್ಟು ಕರಿ ಕಟ್ಟುತ್ತೆ, ದಿನಾ ಅವಸರದಲ್ಲಿ ಕೀ ತಿರುಗಿಸಿ ಇಳಿಯುವ ನಮ್ಮಂಥವರ ಕಾರಲ್ಲಿ ಇನ್ನೂ ಬೇಗ.

ಸದ್ಯ ಟರ್ಬೊ ಕೂರಬೇಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ವೆಲ್ಡಿಂಗ್‌ಗೆ ಹೋಗಿದೆ. ಟರ್ಬೊದಿಂದ ಎಂಜಿನ್‌ಗೆ ಮರಳುವ ಆಯಿಲ್ ರಿಟರ್ನ್ ಪೈಪ್ ಮಾತ್ರ ತಲೆ ತಿನ್ನುತ್ತಿದೆ. ಅಲ್ಲಿ ಪಂಪ್ ಒತ್ತಡ ಇರಲ್ಲ, ಆಯಿಲ್ ತನ್ನ ಭಾರಕ್ಕೆ ತಾನೇ ಇಳಿಯಬೇಕು. ಪೈಪ್ ದಪ್ಪ ಇರಬೇಕು, ಎಲ್ಲೂ ಮೇಲೇಳಬಾರದು, ಸಂಪ್‌ನಲ್ಲಿ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಬೇಕು. ನನ್ನ ಕಾರಲ್ಲಿ ಆ ದಾರಿಗೆ ಸರಿಯಾಗಿ ಎಸಿ ಕಂಪ್ರೆಸರ್ ಬ್ರ್ಯಾಕೆಟ್ ಅಡ್ಡ ನಿಂತಿದೆ. ಎಸಿ ಬಿಚ್ಚುವ ಮಾತೇ ಇಲ್ಲ. ಬ್ರ್ಯಾಕೆಟ್‌ನ ಮೂಲೆ ಕತ್ತರಿಸೋದು, ಇಲ್ಲವೇ ಟರ್ಬೊವನ್ನೇ ತುಸು ಎತ್ತರಕ್ಕೆ ಕೂರಿಸೋದು, ಎರಡರಲ್ಲಿ ಒಂದು. ವೆಲ್ಡಿಂಗ್‌ನವರು ಫ್ಲೇಂಜ್ ಪೂರ್ತಿ ಬೆಸೆಯುವ ಮೊದಲು ಒಮ್ಮೆ ಕೂರಿಸಿ ಅಳತೆ ನೋಡಬೇಕು.