ಏರೇಟರ್ ಯಂತ್ರದ ಸಾಗಣೆ ಮತ್ತು ಬಳಕೆ: ಐದು ವಾರಗಳ ಕೆಲಸದ ದಾಖಲೆ

ಮೊದಲ ವಾರ

ಮನೆಯ ಹಿಂದಿನ ಹುಲ್ಲುಹಾಸಿನಲ್ಲಿ ನಾವು ದಿನವೂ ಓಡಾಡುವ ಜಾಡಿನ ಉದ್ದಕ್ಕೂ ನೀರು ಇಂಗದೆ ನಿಲ್ಲತೊಡಗಿತ್ತು. ಅಲ್ಲಿನ ಹುಲ್ಲು ತೆಳುವಾಗಿ, ಬೇರುಗಳು ಆಳಕ್ಕಿಳಿಯದೆ ಮೇಲೆಮೇಲೆಯೇ ಹರಡಿಕೊಂಡಿದ್ದವು. ಮಣ್ಣು ಗಟ್ಟಿಯಾಗಿದೆಯೋ ಅಥವಾ ಹುಲ್ಲಿನ ಬುಡದಲ್ಲಿ ಒಣನಾರಿನ ಪದರ ದಪ್ಪಗಟ್ಟಿದೆಯೋ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕಿತ್ತು. ಸಲಿಕೆಯಿಂದ ಒಂದು ಹೋಳನ್ನು ಎತ್ತಿ ನೋಡಿದೆ. ನಾರಿನ ಪದರ 1 ಸೆಂ.ಮೀ.ಗಿಂತ ಕಡಿಮೆ ಇತ್ತು. ಅದು ಸುಮಾರು 1.25 ಸೆಂ.ಮೀ. ದಾಟಿದಾಗಲಷ್ಟೇ ನೀರಿಗೂ ಗಾಳಿಗೂ ಅಡ್ಡಿಯಾಗುವುದರಿಂದ ಅದನ್ನು ದೂರುವಂತಿರಲಿಲ್ಲ. ಬಳಿಕ 15 ಸೆಂ.ಮೀ. ಉದ್ದದ ಸ್ಕ್ರೂಡ್ರೈವರನ್ನು ಕೈಯಿಂದ ನೆಲಕ್ಕೆ ಒತ್ತಿದೆ. ಮರದ ನೆರಳಿನ ಕಡೆ ಅದು ಹಿಡಿಯವರೆಗೂ ಇಳಿಯಿತು, ಜಾಡಿನಲ್ಲಿ ಮಾತ್ರ 4 ಸೆಂ.ಮೀ.ಗೆ ನಿಂತುಬಿಟ್ಟಿತು. ಮಣ್ಣೇ ಬಿಗಿದುಕೊಂಡಿದೆ ಎಂಬುದು ಖಚಿತವಾಯಿತು.

ಮೊಳೆಯಂತಹ ಗಟ್ಟಿ ಹಲ್ಲುಗಳಿಂದ ನೆಲವನ್ನು ಚುಚ್ಚುವ ಉಪಕರಣ ನನ್ನ ಬಳಿಯೇ ಇತ್ತು. ಆದರೆ ಅದು ಮಣ್ಣನ್ನು ಹೊರತೆಗೆಯುವುದಿಲ್ಲ, ಪಕ್ಕಕ್ಕೆ ಒತ್ತುತ್ತದೆ ಅಷ್ಟೆ. ಜೇಡಿಮಣ್ಣಿನಲ್ಲಿ ಹಾಗೆ ಒತ್ತಿದರೆ ರಂಧ್ರದ ಗೋಡೆ ಇನ್ನಷ್ಟು ಗಟ್ಟಿಯಾಗುತ್ತದೆ. ಬೇಕಾಗಿದ್ದದ್ದು ಟೊಳ್ಳು ಹಲ್ಲುಗಳಿಂದ ಮಣ್ಣನ್ನು ಬಿರಡೆಯಂತೆ ಕಿತ್ತು ಮೇಲಕ್ಕೆ ಚೆಲ್ಲುವ ಯಂತ್ರ. ಆದ್ದರಿಂದ ಪೆಟ್ರೋಲ್ ಎಂಜಿನಿನ, ಹಲ್ಲುಗಳಿರುವ ಉರುಳೆ (ಡ್ರಮ್) ತಿರುಗುವ ಮಾದರಿಯ ಏರೇಟರನ್ನು (ಮಣ್ಣಿಗೆ ಗಾಳಿಯಾಡುವಂತೆ ರಂಧ್ರ ಮಾಡುವ ಯಂತ್ರ) ಒಂದು ದಿನದ ಬಾಡಿಗೆಗೆ ಗೊತ್ತುಮಾಡಿದೆ. ಅದರ ಕೈಪಿಡಿಯನ್ನು ಮುಂಚೆಯೇ ಕೇಳಿ ತಂದುಕೊಂಡದ್ದು ಒಳ್ಳೆಯದಾಯಿತು, ಏಕೆಂದರೆ ಯಂತ್ರದ ತೂಕ 120 ಕಿಲೋ ಎಂಬುದು ನನಗೆ ತಿಳಿದದ್ದೇ ಅದರಿಂದ. ಅಲ್ಲಿಯವರೆಗೆ ಹುಲ್ಲು ಕತ್ತರಿಸುವ ಯಂತ್ರದಂತೆ ಇಬ್ಬರು ಎತ್ತಿ ಟ್ರೇಲರಿನಲ್ಲಿ ಇಟ್ಟುಬಿಡಬಹುದು ಎಂದುಕೊಂಡಿದ್ದೆ.

ಎರಡನೆಯ ವಾರ

ಈ ವಾರವೆಲ್ಲ ಸಾಗಣೆಯ ಲೆಕ್ಕಾಚಾರದಲ್ಲೇ ಕಳೆಯಿತು. ನನ್ನ ಟ್ರೇಲರಿನ ತಳ ನೆಲದಿಂದ 60 ಸೆಂ.ಮೀ. ಎತ್ತರದಲ್ಲಿದೆ. ಮನೆಯಲ್ಲಿದ್ದ ರ‍್ಯಾಂಪಿನ ಉದ್ದ 1.5 ಮೀಟರ್. ಅಷ್ಟು ಗಿಡ್ಡ ರ‍್ಯಾಂಪಿನಲ್ಲಿ ಇಳಿಜಾರು ಸುಮಾರು 24 ಡಿಗ್ರಿ ಆಗುತ್ತದೆ, ಮತ್ತು 120 ಕಿಲೋ ಯಂತ್ರವನ್ನು ಮೇಲೇರಿಸಲು, ಘರ್ಷಣೆಯನ್ನು ಬಿಟ್ಟರೂ, 48 ಕಿಲೋ ಭಾರವನ್ನು ಎತ್ತಿ ಹಿಡಿಯುವಷ್ಟು ಬಲ ಬೇಕಾಗುತ್ತದೆ. 2.4 ಮೀಟರ್ ಉದ್ದದ ರ‍್ಯಾಂಪ್ ಆದರೆ ಇಳಿಜಾರು ಸುಮಾರು 14.5 ಡಿಗ್ರಿಗೂ ಬಲ 30 ಕಿಲೋಗೂ ಇಳಿಯುತ್ತದೆ. ಏರಿಸುವಾಗ ಹೇಗೋ ಮೈಯೆಲ್ಲ ಬಲ ಹಾಕಿ ನೂಕಿಬಿಡಬಹುದು. ಆದರೆ ಇಳಿಸುವಾಗ ಅದೇ ಭಾರ ನಮ್ಮ ಮೇಲೆಯೇ ಬರುತ್ತದೆ ಎಂಬುದನ್ನು ನೆನೆದು ಉದ್ದದ ರ‍್ಯಾಂಪನ್ನೇ ಹೊಂದಿಸಿಕೊಂಡೆ. ಟ್ರೇಲರಿನ ಮುಂಭಾಗದಲ್ಲಿ ಕೈಯಿಂದ ತಿರುಗಿಸಿ ಹಗ್ಗ ಸುತ್ತಿಕೊಂಡು ಭಾರ ಎಳೆಯುವ ಚಿಕ್ಕ ವಿಂಚನ್ನೂ ಕೂರಿಸಿದೆ.

ಇನ್ನೊಂದು ವಿಷಯವನ್ನು ಇಲ್ಲಿ ಬರೆದಿಡಬೇಕು. ಟ್ರೇಲರನ್ನು ವಾಹನದ ಕೊಂಡಿಗೆ ಸಿಕ್ಕಿಸದೆ ಯಂತ್ರವನ್ನು ಏರಿಸಲು ಹೋದರೆ, ಭಾರ ಹಿಂದಿನ ಅಂಚಿಗೆ ಬಿದ್ದ ಕ್ಷಣವೇ ಟ್ರೇಲರಿನ ಮೂತಿ ಮೇಲಕ್ಕೆ ಹಾರುತ್ತದೆ. ಆದ್ದರಿಂದ ಕೊಂಡಿ ಸಿಕ್ಕಿಸಿ, ವಾಹನಕ್ಕೆ ಹ್ಯಾಂಡ್‌ಬ್ರೇಕ್ ಹಾಕಿ, ಟ್ರೇಲರಿನ ಚಕ್ರಗಳಿಗೆ ಮರದ ತುಂಡುಗಳನ್ನು ಅಡ್ಡ ಕೊಟ್ಟು, ರ‍್ಯಾಂಪಿನ ಮೇಲ್ತುದಿಯನ್ನು ಸರಪಳಿಯಿಂದ ಟ್ರೇಲರಿಗೆ ಬಿಗಿದ ಮೇಲೆಯೇ ಯಂತ್ರದ ಕಡೆ ತಿರುಗಬೇಕು. ಖಾಲಿ ಟ್ರೇಲರಿನಲ್ಲಿ ಈ ಕ್ರಮವನ್ನು ತಮ್ಮನ ಜೊತೆ ಎರಡು ಬಾರಿ ಅಭ್ಯಾಸ ಮಾಡಿದೆ. “ಇಷ್ಟಕ್ಕೆಲ್ಲ ತಾಲೀಮು ಬೇಕೇನಣ್ಣ?” ಎಂದು ಅವನು ನಕ್ಕನಾದರೂ ಎರಡೂ ಬಾರಿ ಸರಪಳಿಯನ್ನು ಮರೆತವನು ಅವನೇ.

ಮೂರನೆಯ ವಾರ, ಸಾಗಣೆಯ ದಿನ

ಯಂತ್ರವನ್ನು ಪಡೆಯುವ ಮುನ್ನ ಅಲ್ಲಿಯೇ ಪರೀಕ್ಷಿಸಿದೆ: ಚೈನಿನ ಮೇಲಿನ ಕವಚ ಜಾಗದಲ್ಲಿತ್ತು, ಹಲ್ಲುಗಳಲ್ಲಿ ಯಾವುದೂ ಬಿರುಕು ಬಿಟ್ಟಿರಲಿಲ್ಲ, ಹಿಡಿಯಲ್ಲಿರುವ ಸುರಕ್ಷತಾ ಲಿವರನ್ನು ಬಿಟ್ಟೊಡನೆ ಡ್ರಮ್ ನಿಂತಿತು. ಈ ಕೊನೆಯ ಪರೀಕ್ಷೆ ಮಾಡದೆ ಯಾರೂ ಈ ಯಂತ್ರವನ್ನು ಒಯ್ಯಬಾರದು. ಲಿವರನ್ನು ತಂತಿಯಿಂದಲೋ ಟೇಪಿನಿಂದಲೋ ಕಟ್ಟಿಟ್ಟಿದ್ದರೆ ಯಂತ್ರ ಕೈತಪ್ಪಿದಾಗ ಅದನ್ನು ನಿಲ್ಲಿಸಲು ಬೇರೆ ದಾರಿಯೇ ಇರುವುದಿಲ್ಲ.

ಎಂಜಿನನ್ನು ನಿಲ್ಲಿಸಿ, ತಣ್ಣಗಾಗಲು ಬಿಟ್ಟು, ಪೆಟ್ರೋಲಿನ ಕವಾಟವನ್ನು ಮುಚ್ಚಿ, ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನು ಕಳಚಿದೆವು. ಹಲ್ಲುಗಳನ್ನು ಪೂರ್ತಿ ಮೇಲೆತ್ತಿ ಸಾಗಣೆಯ ಚಕ್ರಗಳ ಮೇಲೆ ನಿಲ್ಲಿಸಿದೆವು. ವಿಂಚಿನ ಹಗ್ಗವನ್ನು ಯಂತ್ರದ ಚೌಕಟ್ಟಿಗೆ ಕೊಕ್ಕೆ ಹಾಕಿ ನಾನು ತಿರುಗಿಸುತ್ತಿದ್ದರೆ, ತಮ್ಮ ಪಕ್ಕದಲ್ಲಿ ನಿಂತು ಹಿಡಿಯನ್ನು ನೇರವಾಗಿಟ್ಟುಕೊಂಡು ಬಂದ. ಯಂತ್ರದ ಕೆಳಗಡೆ, ಅಂದರೆ ಅದು ಜಾರಿದರೆ ಬಂದು ಬೀಳುವ ಜಾಗದಲ್ಲಿ, ಯಾರೂ ನಿಲ್ಲಲಿಲ್ಲ. ನೂಕಲು ಹಿಂದೆ ನಿಲ್ಲಬೇಕು ಎಂದು ಕೈಕಾಲು ತಾವಾಗಿಯೇ ಅತ್ತ ಹೋಗುತ್ತವೆ, ಅದನ್ನು ತಡೆಯುವುದೇ ಕಷ್ಟ. ಜಾಗ ಸಾಲದೆಂದು ಯಂತ್ರವನ್ನು ಮಗ್ಗುಲಿಗೆ ಮಲಗಿಸಿ ಒಯ್ಯುವವರಿದ್ದಾರೆ. ಹಾಗೆ ಮಾಡಿದರೆ ಎಣ್ಣೆ ಏರ್ ಫಿಲ್ಟರಿಗೂ ಸಿಲಿಂಡರಿಗೂ ನುಗ್ಗುತ್ತದೆ, ಪೆಟ್ರೋಲೂ ಸೋರುತ್ತದೆ.

ಟ್ರೇಲರಿನಲ್ಲಿ ಯಂತ್ರವನ್ನು ಎಲ್ಲಿ ನಿಲ್ಲಿಸಬೇಕು ಎಂಬುದೂ ಮುಖ್ಯ. ನನ್ನ ಟ್ರೇಲರಿನ ಕೈಪಿಡಿಯ ಪ್ರಕಾರ ಒಟ್ಟು ತೂಕದ 10ರಿಂದ 15 ಶೇಕಡ ಕೊಂಡಿಯ ಮೇಲೆ ಬೀಳಬೇಕು. ಟ್ರೇಲರಿನದು 200 ಕಿಲೋ, ಯಂತ್ರದ್ದು 120. ಅಂದರೆ ಕೊಂಡಿಯ ಮೇಲೆ 32ರಿಂದ 48 ಕಿಲೋ. ಮೈತೂಕ ನೋಡುವ ಯಂತ್ರವನ್ನು ಒಯ್ದಿದ್ದೆ. ಏರೇಟರನ್ನು ಕಟ್ಟಿ, ಅದು ಅಲುಗದೆಂದು ಖಚಿತಪಡಿಸಿಕೊಂಡ ಮೇಲೆ ಕೊಂಡಿಯನ್ನು ಕಳಚಿ, ಟ್ರೇಲರಿನ ಮೂತಿಯನ್ನು ಮರದ ತುಂಡಿನ ಮೂಲಕ ಅದರ ಮೇಲೆ ಇಳಿಸಿದಾಗ 24 ಕಿಲೋ ತೋರಿಸಿತು. ಮೂತಿ ಹಗುರವಾದ ಟ್ರೇಲರ್ ವೇಗ ಹೆಚ್ಚಿದಂತೆ ಬಾಲ ಬೀಸತೊಡಗುತ್ತದೆ. ಮತ್ತೆ ಕೊಂಡಿ ಸಿಕ್ಕಿಸಿ, ಯಂತ್ರವನ್ನು ಒಂದು ಗೇಣಿನಷ್ಟು ಮುಂದಕ್ಕೆ ಸರಿಸಿದ ಮೇಲೆ 38 ಬಂತು.

ಕಟ್ಟುವುದರಲ್ಲಿ ಮಾತ್ರ ನಾನು ಎಡವಿದೆ. ನಾಲ್ಕು ಮೂಲೆಗಳಿಂದ ನಾಲ್ಕು ರ‍್ಯಾಚೆಟ್ ಪಟ್ಟಿಗಳನ್ನು (ಹಲ್ಲುಚಕ್ರದಿಂದ ಬಿಗಿಯುವ ಪಟ್ಟಿಗಳು) ಎಳೆದಿದ್ದೆನಾದರೂ ಹಿಂದಿನ ಎರಡನ್ನು ಚೌಕಟ್ಟಿಗೆ ಹಾಕುವ ಬದಲು, ಕೈಗೆ ಸುಲಭವಾಗಿ ಸಿಕ್ಕಿತೆಂದು, ಹಿಡಿಯ ಕೊಳವೆಗೆ ಸುತ್ತಿದ್ದೆ. ಐದು ಕಿಲೋಮೀಟರ್ ಹೋದ ಮೇಲೆ ರಸ್ತೆಬದಿಯಲ್ಲಿ ನಿಲ್ಲಿಸಿ ನೋಡಿದರೆ ಒಂದು ಪಟ್ಟಿ ತೊಟ್ಟಿಲ ಹಗ್ಗದಂತೆ ಜೋತುಬಿದ್ದಿತ್ತು. ಹಿಡಿ ಮಡಚುವಂತಹದ್ದು, ಅದರ ಬೋಲ್ಟಿನ ಬಳಿ ಕೊಳವೆ ಬೆರಳಗಲದಷ್ಟು ಬಗ್ಗಿ ಪಟ್ಟಿಯ ಬಿಗಿ ಪೂರ್ತಿ ಹೋಗಿತ್ತು. ಅದೇ ಪಟ್ಟಿ ಲಿವರಿನ ಕೇಬಲನ್ನೂ ಒತ್ತಿಹಿಡಿದಿತ್ತು. ಹಿಂದಿನ ಎರಡೂ ಪಟ್ಟಿಗಳನ್ನು ಬಿಚ್ಚಿ ಚಕ್ರದ ಅಚ್ಚಿನ ಹತ್ತಿರದ ದಪ್ಪ ಚೌಕಟ್ಟಿಗೆ ಹಾಕಿ ಬಿಗಿದೆ. ಗಾಳಿ ತುಂಬಿದ ಚಕ್ರಗಳು ರಸ್ತೆಯ ಕುಲುಕಾಟಕ್ಕೆ ಸ್ವಲ್ಪ ಕುಸಿಯುವುದರಿಂದ ಸರಿಯಾಗಿ ಕಟ್ಟಿದ ಪಟ್ಟಿಯೂ ಮೊದಲ ಕೆಲವು ಕಿಲೋಮೀಟರಿನಲ್ಲಿ ಸಡಿಲವಾಗುತ್ತದೆ. ಇನ್ನೂ ಎರಡು ಸಲ ನಿಲ್ಲಿಸಿ ಬಿಗಿ ನೋಡಿದೆ.

ಪೆಟ್ರೋಲಿನ ಕ್ಯಾನನ್ನು ನಿಲ್ಲಿಸಿ, ಬೇರೆಯಾಗಿ ಕಟ್ಟಿ ತಂದೆ. ದಾರಿಯಲ್ಲಿ ಅದನ್ನು ತುಂಬಿಸಿಕೊಳ್ಳುವಾಗ ಟ್ರೇಲರಿನಿಂದ ಕೆಳಗಿಳಿಸಿ ನೆಲದ ಮೇಲೆ ಇಟ್ಟೆ. ಪ್ಲಾಸ್ಟಿಕ್ ಹಾಸಿನ ಮೇಲಿಟ್ಟು ತುಂಬಿದರೆ ಸ್ಥಿರವಿದ್ಯುತ್ತಿನ ಕಿಡಿಯಿಂದ ಬೆಂಕಿ ಹತ್ತುವ ಅಪಾಯವಿದೆ.

ಅದೇ ದಿನ, ನೆಲದ ಮೇಲೆ

ಎರಡು ದಿನ ಮುಂಚೆ 2.5 ಸೆಂ.ಮೀ.ನಷ್ಟು ನೀರು ಹಾಯಿಸಿದ್ದೆ. ಅಳತೆಗೆ ಹುಲ್ಲಿನ ಮೇಲೆ ಒಂದು ಖಾಲಿ ಡಬ್ಬಿ ಇಟ್ಟಿದ್ದರೆ ಸಾಕು. ನೆಲ ಒಣಗಿದ್ದರೆ ಹಲ್ಲು ಇಳಿಯದೆ ಯಂತ್ರ ಕುಪ್ಪಳಿಸುತ್ತದೆ, ಕೆಸರಾಗಿದ್ದರೆ ಹಲ್ಲಿನೊಳಗೆ ಮಣ್ಣು ಮೆತ್ತಿಕೊಂಡು ಬಿರಡೆ ಹೊರಬೀಳುವುದೇ ಇಲ್ಲ.

ಸ್ಪ್ರಿಂಕ್ಲರಿನ ತಲೆಗಳಿಗೂ ಒಳಚರಂಡಿಯ ಮುಚ್ಚಳಕ್ಕೂ ಚಿಕ್ಕ ಬಾವುಟಗಳನ್ನು ನೆಟ್ಟಿದ್ದೆ. ಗ್ಯಾಸ್, ವಿದ್ಯುತ್ ಮುಂತಾದ ದೊಡ್ಡ ಲೈನುಗಳು ಎಲ್ಲಿವೆ ಎಂಬುದನ್ನು ಆಯಾ ಇಲಾಖೆಯವರಿಂದ ಮೊದಲೇ ಕೇಳಿ ತಿಳಿದುಕೊಂಡಿದ್ದೆ. ಆದರೆ ನಿಜವಾದ ಭಯ ಹುಟ್ಟಿಸಿದ್ದು ನಾನೇ ಕೆಲವು ವರ್ಷಗಳ ಹಿಂದೆ ತೋಟದ ದೀಪಗಳಿಗೆಂದು ಹೂತಿದ್ದ ಕೇಬಲ್. ಆಗ ಸೋಮಾರಿತನದಿಂದ ಐದೇ ಸೆಂ.ಮೀ. ಆಳದಲ್ಲಿ ಹೂತಿದ್ದೆ, ಈ ಯಂತ್ರದ ಹಲ್ಲು ಏಳು ಸೆಂ.ಮೀ. ಇಳಿಯುತ್ತದೆ. ಆ ದೀಪಗಳ ಸಂಪರ್ಕವನ್ನು ತೆಗೆದು, ಕೇಬಲಿನ ಎರಡೂ ಬದಿಗೆ ಒಂದೊಂದು ಅಡಿ ಜಾಗವನ್ನು ಹಗ್ಗ ಕಟ್ಟಿ ಬಿಟ್ಟುಬಿಟ್ಟೆ.

ಗಟ್ಟಿ ಮೂತಿಯ ಬೂಟು, ಕನ್ನಡಕ, ಕಿವಿಮುಚ್ಚುಗ ಹಾಕಿಕೊಂಡು, ಎಣ್ಣೆಯ ಮಟ್ಟ ನೋಡಿ, ಬಯಲಿನಲ್ಲೇ ಎಂಜಿನನ್ನು ಶುರುಮಾಡಿದೆ. ಹಲ್ಲುಗಳನ್ನು ನೆಲಕ್ಕೆ ಇಳಿಸಿದ ಕ್ಷಣ ಯಂತ್ರ ನೆಲವನ್ನು ಕಚ್ಚಿ ಮುಂದಕ್ಕೆ ಎಳೆಯುತ್ತದೆ. ಅದನ್ನು ತಿಳಿದಿದ್ದೂ ಮೊದಲ ಸಲ ನಾನು ಎರಡು ಹೆಜ್ಜೆ ಓಡಿದೆ. ಆಮೇಲೆ ವೇಗವನ್ನು ತಗ್ಗಿಸಿ, ಮೊಣಕೈಯನ್ನು ಸ್ವಲ್ಪ ಮಡಿಸಿ, ಹಿಂದಿನಿಂದ ಅದರ ಹೆಜ್ಜೆಗೆ ಹೆಜ್ಜೆ ಸೇರಿಸಿ ನಡೆದರೆ ಸಾಕು ಎಂಬುದು ರೂಢಿಯಾಯಿತು. ನೇರ ಸಾಲಿನಲ್ಲಿ ಈ ಯಂತ್ರ ಸಾಧುವಾಗಿಯೇ ಇರುತ್ತದೆ.

ತಿರುವಿನಲ್ಲಿ ಹಾಗಲ್ಲ. ಸಾಲಿನ ಕೊನೆಗೆ ಬಂದಾಗ ಹಲ್ಲುಗಳನ್ನು ಪೂರ್ತಿ ಎತ್ತಿದ ಮೇಲೆಯೇ ತಿರುಗಿಸಬೇಕು. ತಮ್ಮನ ಸರದಿಯಲ್ಲಿ ಅವನು ಅರ್ಧ ಎತ್ತಿ ತಿರುಗಿಸಲು ಹೋದ. ಡ್ರಮ್ಮಿನ ಒಂದು ತುದಿ ನೆಲದಲ್ಲೇ ಕಚ್ಚಿಕೊಂಡು ಹಿಡಿ ಅವನ ಪಕ್ಕೆಲುಬಿನ ಕಡೆ ಜೋರಾಗಿ ಬೀಸಿತು. ಅವನು ಲಿವರನ್ನು ಬಿಟ್ಟುಬಿಟ್ಟದ್ದರಿಂದ ಯಂತ್ರ ಅಲ್ಲೇ ನಿಂತಿತು. ಹುಲ್ಲಿನಲ್ಲಿ ಬಿದಿಗೆಯ ಚಂದ್ರನ ಆಕಾರದ ಒಂದು ಗಾಯವಾಯಿತು, ಒಂದು ಹಲ್ಲು ಸೊಟ್ಟಗಾಯಿತು. ಹಲ್ಲುಗಳು ನೆಲದಲ್ಲಿರುವಾಗ ಹಿಂದಕ್ಕೆ ಎಳೆದರೂ ಅವು ಹೀಗೆಯೇ ಬಾಗುತ್ತವೆ.

ನಡುವೆ ಒಂದು ಕಲ್ಲು ಎರಡು ಹಲ್ಲುಗಳ ನಡುವೆ ಸಿಕ್ಕಿಕೊಂಡಿತು. ಎಂಜಿನನ್ನು ನಿಲ್ಲಿಸಿ, ಪ್ಲಗ್ಗಿನ ತಂತಿಯನ್ನು ಕಳಚಿ, ಸೈಲೆನ್ಸರ್ ತಣಿಯುವವರೆಗೆ ಕಾದು, ಮರದ ಗೂಟದಿಂದ ಅದನ್ನು ಹೊರಕ್ಕೆ ತಳ್ಳಿದೆ. ಒಂದು ಕಲ್ಲಿಗೆ ಕಾಲು ಗಂಟೆಯೇ ಹೋಯಿತೆಂದು ಯಾರಿಗಾದರೂ ಅನಿಸಬಹುದು. ಚೈನಿನಲ್ಲಿ ಉಳಿದಿದ್ದ ಬಿಗಿಯಿಂದ ಡ್ರಮ್, ಕಲ್ಲು ಕಳಚಿದೊಡನೆ, ತಾನಾಗಿಯೇ ನಾಲ್ಕು ಬೆರಳಿನಷ್ಟು ಹೊರಳಿದ್ದನ್ನು ನಾನು ನೋಡಿದ್ದೇನೆ. ಅಲ್ಲಿ ಗೂಟದ ಬದಲು ಕೈಯಿದ್ದಿದ್ದರೆ ಬೆರಳು ಉಳಿಯುತ್ತಿರಲಿಲ್ಲ.

ಒಂದು ಮೀಟರ್ ಚೌಕದ ಮರದ ಚೌಕಟ್ಟನ್ನು ಹುಲ್ಲಿನ ಮೇಲಿಟ್ಟು ಎಣಿಸಿದಾಗ ಒಂದು ಸುತ್ತಿಗೆ 110 ರಂಧ್ರಗಳು ಬಿದ್ದಿದ್ದವು. ಗಟ್ಟಿ ನೆಲಕ್ಕೆ ಇದು ಸಾಲದು. ಜಾಡಿನ ಭಾಗದಲ್ಲಿ ಮೊದಲ ಸಾಲುಗಳಿಗೆ ಅಡ್ಡವಾಗಿ ಇನ್ನೊಂದು ಸುತ್ತು ನಡೆಸಿ ಅದನ್ನು 200ರ ಮೇಲಕ್ಕೆ ಒಯ್ದೆವು. ನಲವತ್ತು ನಿಮಿಷವಾಗುತ್ತಲೇ ಬೆರಳುಗಳು ಜುಮುಗುಡುತ್ತಿದ್ದುದರಿಂದ ಸರದಿ ಬದಲಿಸುತ್ತಿದ್ದೆವು. ಹಿಂಬದಿಯ ಇಳಿಜಾರಿಗೆ ಯಂತ್ರವನ್ನು ಒಯ್ಯಲೇ ಇಲ್ಲ. 120 ಕಿಲೋ ಅಡ್ಡಕ್ಕೆ ಜಾರಲು ಶುರುವಾದರೆ ಅದನ್ನು ಹಿಡಿದು ನಿಲ್ಲಿಸುವ ಶಕ್ತಿ ನಮ್ಮಿಬ್ಬರಿಗೂ ಇಲ್ಲ.

ಹಿಂತಿರುಗಿಸುವ ಮುನ್ನ ಯಂತ್ರವನ್ನು ಕಾಂಕ್ರೀಟಿನ ಮೇಲೆ ನಿಲ್ಲಿಸಿ ತಣಿಸಿದೆವು. ಬಿಸಿ ಸೈಲೆನ್ಸರನ್ನು ಒಣಹುಲ್ಲಿನ ಹತ್ತಿರ ಬಿಡುವಂತಿಲ್ಲ. ಹಲ್ಲುಗಳ ಮಣ್ಣನ್ನು ಪೂರ್ತಿ ತೊಳೆದೆವು, ಏಕೆಂದರೆ ಕಳೆಬೀಜವೂ ರೋಗವೂ ಹೀಗೆಯೇ ಒಂದು ಹುಲ್ಲುಹಾಸಿನಿಂದ ಇನ್ನೊಂದಕ್ಕೆ ಹೋಗುತ್ತವೆ. ಸೊಟ್ಟಗಾದ ಹಲ್ಲನ್ನು ಮಾಲೀಕರಿಗೆ ನಾವೇ ತೋರಿಸಿದೆವು.

ಐದನೆಯ ವಾರ

ಮಣ್ಣಿನ ಬಿರಡೆಗಳನ್ನು ಗುಡಿಸದೆ ಬಿಟ್ಟಿದ್ದೆ. ಅವು ಒಣಗಿ, ನೀರು ಬಿದ್ದಾಗ ಕರಗಿ, ಎರಡು ವಾರದಲ್ಲಿ ಹುಲ್ಲಿನೊಳಗೆ ಸೇರಿಹೋದವು. ಜಾಡಿನಲ್ಲಿ ನೀರು ಈಗ ನಿಲ್ಲುತ್ತಿಲ್ಲ. ಅದೇ ಸ್ಕ್ರೂಡ್ರೈವರನ್ನು ರಂಧ್ರಗಳ ನಡುವಿನ ಜಾಗದಲ್ಲಿ ಒತ್ತಿದರೆ 9 ಸೆಂ.ಮೀ. ಇಳಿಯುತ್ತಿದೆ. ತಮ್ಮ ಮಾಡಿದ ಚಂದ್ರಾಕಾರದ ಗಾಯಕ್ಕೆ ಬೀಜ ಹಾಕಿದ್ದು ಇನ್ನೂ ಮೊಳೆಯುತ್ತಿದೆ. ಇಳಿಜಾರಿನ ಭಾಗವನ್ನು ಕವೆಗೋಲಿನಂತಹ ಟೊಳ್ಳು ಹಲ್ಲಿನ ಕೈ ಉಪಕರಣದಿಂದ ದಿನಕ್ಕೆ ಎರಡು ಚದರ ಮೀಟರಿನಂತೆ ಮುಗಿಸುತ್ತಿದ್ದೇನೆ. ದೀಪದ ಕೇಬಲನ್ನು ಅಗೆದು ತೆಗೆದು ಒಂದೂವರೆ ಅಡಿ ಆಳದಲ್ಲಿ ಕೊಳವೆಯೊಳಗೆ ಹಾಕುವ ಕೆಲಸ ಬಾಕಿ ಇದೆ.